ಮಾವನಿಗೆ ಗೊತ್ತಿರುವ ಅಣಬೆ

ನನ್ನ ಸೋದರಮಾವನಿಗೆ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಯಾವುದೂ ಇಲ್ಲ. ನೀವು ಅದನ್ನು ನಂಬಿ ಹೊರಡದಿದ್ದರೆ ಸಾಕು!

ಪುಂಜಾಲಕಟ್ಟೆಯ ಅವರ ಜಗಲಿಯಲ್ಲಿ ಕುಳಿತು, "ಮಾವ, ನಾರಾವಿಗೆ ನಾಲ್ಕು ಗಂಟೆಗೆ ಬಸ್ಸುಂಟಾ?" ಎಂದು ಕೇಳಿ ನೋಡಿ. ತಕ್ಷಣ ಮರುಪ್ರಶ್ನೆ ಬರುತ್ತದೆ: "ಸುಮ್ಮನೆ ಕೇಳುವುದಾ, ಹೋಗ್ಲಿಕ್ಕುಂಟಾ?"

"ಸುಮ್ಮನೆ."

"ಉಂಟು. ನನಗೆ ಸರಿಯಾಗಿ ಗೊತ್ತುಂಟು."

"ಅಲ್ಲ ಮಾವ, ಹೋಗ್ಲಿಕ್ಕುಂಟು."

"ಹಾಗಾದ್ರೆ ನನಗೆ ಗೊತ್ತಿಲ್ಲ ಮಾರಾಯ!"

ಬಸ್ಸು ಅದೇ, ಮಾವನೂ ಅವರೇ. ಅರೆಗಳಿಗೆಯಲ್ಲಿ ಆ ಜ್ಞಾನ ಹೋದದ್ದಾದರೂ ಎಲ್ಲಿಗೆ? "ಬಸ್ಸಿಲ್ಲದಿದ್ರೆ ಮಾರ್ಗದಲ್ಲಿ ನಿಲ್ಲುವವ ನೀನಲ್ವಾ?" ಎಂದು ನನ್ನನ್ನೇ ಗದರುತ್ತಾರೆ. ಬೆಳುವಾಯಿಯ ಹುಡುಗನೊಬ್ಬ ಚಿನ್ನದಂಥವನೆಂದು ಮದುವೆಯೂಟದ ಪಂಕ್ತಿಯಲ್ಲಿ ಖಾತ್ರಿ ಕೊಟ್ಟವರು, ಅವನಿಗೆ ಮಗಳನ್ನು ಕೊಡಬೇಕೆಂದಿದ್ದ ತಂದೆಯೇ ಮನೆಗೆ ಬಂದು ವಿಚಾರಿಸಿದಾಗ ಆ ಹುಡುಗನ ಮುಖವನ್ನೇ ಮರೆತವರಂತೆ ಕುಳಿತಿದ್ದರು!

ಮೊನ್ನೆ ಗುಡುಗಿನ ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ಅಣಬೆ ಎದ್ದಿತ್ತು. ಅತ್ತೆ ಒಂದನ್ನು ಕಿತ್ತು ತಂದು, "ಇದು ಒಳ್ಳೇ ಅಣಬೆಯಾ?" ಎಂದು ಮಾವನನ್ನು ಕೇಳಿದರು. ಪೇಪರಿನಲ್ಲಿ ಮುಳುಗಿದ್ದ ಮಾವ, "ಹೌದು, ನನಗೆ ಗೊತ್ತುಂಟು" ಎಂದರು. ಮರುಪ್ರಶ್ನೆ ಹಾಕಲು ಮರೆತೇಬಿಟ್ಟರು!

ನಾನು ಅವರ ಮನೆ ಮುಟ್ಟುವಾಗ ಅತ್ತೆ ಆ ಅಣಬೆಯ ಗಸಿ ಮಾಡಿ, ಅದರಲ್ಲಿ ಎರಡು ನೀರುದೋಸೆ ಮುಗಿಸಿದ್ದರು. ಪರಿಮಳ ಹಿಡಿದು ಒಳಗೆ ಬಂದ ಮಾವ ಅತ್ತೆಯ ಬಟ್ಟಲು ಕಂಡು ಬೆವತುಹೋದರು.

"ನೀನು ತಿನ್ಲಿಕ್ಕೆ ಕೇಳಿದ್ದಾ?"

"ಅಣಬೆಯನ್ನು ಮತ್ತೆಂತಕ್ಕೆ ಕೇಳುವುದು, ತಲೆಗೆ ಮುಡಿಯಲಿಕ್ಕಾ?"

"ಅಯ್ಯೋ ಮಾರಾಯ್ತಿ, ನಾನು ಹೇಳಿದ್ದು ಸುಮ್ಮನೆ ನೋಡುವುದಕ್ಕೆ!"

ನಾನು ತಕ್ಷಣ ಬಂಟ್ವಾಳದ ಆಸ್ಪತ್ರೆಗೆ ಹೋಗಲು ರಿಕ್ಷಾಕ್ಕೆ ಫೋನು ಮಾಡಿದೆ. ಮಾವ ಅತ್ತೆಯ ಕೈ ಹಿಡಿದು, "ವಾಂತಿ ಬರ್ತದಾ? ತಲೆ ತಿರುಗ್ತದಾ?" ಎಂದು ಕೇಳುತ್ತಲೇ ಇದ್ದರು.

"ನೀವು ಹೀಗೆ ಕೇಳ್ತಾ ಇದ್ರೆ ಎಲ್ಲ ಬರ್ತದೆ" ಎಂದರು ಅತ್ತೆ. ನಗಲು ನಮಗ್ಯಾರಿಗೂ ಧೈರ್ಯ ಬರಲಿಲ್ಲ. ಆಮೇಲೆ ಅತ್ತೆಯೇ ಮೆಲ್ಲಗೆ ಕೇಳಿದರು: "ನಿಜ ಹೇಳಿ, ಅದು ಒಳ್ಳೆಯದಾ?"

"ಗೊತ್ತಿಲ್ಲ" ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅಣಬೆ ಒಳ್ಳೆಯದೇ ಎಂದು ನಮಗೆ ಧೈರ್ಯ ಬಂದದ್ದು ಮರುದಿನ. ರಿಕ್ಷಾ ಕಾಯುತ್ತಿದ್ದ ಆ ಹೊತ್ತಿನಲ್ಲಿ ಮಾತ್ರ ಒಂದೊಂದು ನಿಮಿಷವೂ ಭಾರವಾಗಿತ್ತು. ಅಂಗಳದಲ್ಲಿ ರಿಕ್ಷಾ ನಿಂತ ಸದ್ದಿಗೆ ಓಡಿಹೋಗಿ ಚಪ್ಪಲಿ ಮೆಟ್ಟಿ ತಿರುಗಿ ನೋಡುತ್ತೇನೆ, ಮಾವ ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕುಳಿತು, ಅವರ ಬಟ್ಟಲಲ್ಲಿ ಉಳಿದಿದ್ದ ಗಸಿಯನ್ನು ಬಳಿದು ಬಳಿದು ತಿನ್ನುತ್ತಿದ್ದಾರೆ!

"ಮಾವ! ಗೊತ್ತಿಲ್ಲ ಅಂತ ಈಗಷ್ಟೇ ಹೇಳಿದ್ದಲ್ವಾ?"

"ಗೊತ್ತಿಲ್ಲ ಮಾರಾಯ," ಎಂದರು ಬಾಯಿ ಒರೆಸಿಕೊಳ್ಳುತ್ತ. "ಆಗುವುದಾದ್ರೆ ಇಬ್ಬರಿಗೂ ಆಗ್ಲಿ."