ಬ್ರೇಕಿಲ್ಲದ ಸೈಕಲ್ಲಿಗೆ ನಾನು ಹಾಕಿಸಿದ ಬ್ರೇಕು

ಮಕ್ಕಳ ಪ್ರತಾಪ ಕೊಚ್ಚಿಕೊಳ್ಳುವ ಅಪ್ಪಂದಿರನ್ನು ಕಂಡರೆ ನನಗೆ ಹಿಂದೆಲ್ಲ ಮೈ ಉರಿಯುತ್ತಿತ್ತು. ಜಾಲಹಳ್ಳಿಯ ನಮ್ಮ ಬೀದಿಯಲ್ಲಿ ಅಂಥವರು ಮನೆಗೊಬ್ಬರಿದ್ದರು. ಈಗ ನಾನೂ ಆ ಪಂಗಡಕ್ಕೆ ಸೇರಿದ್ದೇನೆ. ಹಾಲಿನವನು ಪ್ಯಾಕೆಟ್ ಕೈಗಿಟ್ಟು ಗಾಡಿ ತಿರುಗಿಸುವಷ್ಟರಲ್ಲಿ, ನನ್ನ ಮಗಳು ಚೈತ್ರ ರಾಜ್ಯದ ಪರವಾಗಿ ಸೈಕಲ್ ರೇಸಿಗೆ ಹೋಗುತ್ತಾಳೆಂಬುದನ್ನು ಅವನಿಗೆ ಮತ್ತೊಮ್ಮೆ ತಿಳಿಸಿರುತ್ತೇನೆ. "ನಿನ್ನೇನೂ ಏಳಿದ್ರಲ್ಲ ಸಾರ್" ಎನ್ನುತ್ತಾನೆ ಪಾಪ. ಆದರೆ ಒಂದು ಸಂಗತಿಯನ್ನು ಮಾತ್ರ ಅವನಿಗೂ ಹೇಳಿಲ್ಲ. ನಿಮಗೆ ಹೇಳಬಹುದು, ನೀವು ನಮ್ಮ ಬೀದಿಯವರಲ್ಲ.

ಮೂವತ್ತೆರಡು ವರ್ಷ ನಾನು ಸರ್ಕಾರಿ ಕಾರ್ಖಾನೆಯಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಯಾವ ಯಂತ್ರಕ್ಕೆ ಯಾರ ಬೆರಳು ಸಿಕ್ಕೀತು ಎಂದು ಮುಂಚಿತವಾಗಿ ಹೆದರುವುದೇ ನನ್ನ ಉದ್ಯೋಗ. ನಿವೃತ್ತಿಯಾದರೂ ಹೆದರಿಕೆ ನಿವೃತ್ತವಾಗಲಿಲ್ಲ. ಕುಕ್ಕರ್ ಮೂರನೆಯ ವಿಷಲ್ ಹಾಕಿದರೆ ನಾನು ಅಡುಗೆಮನೆ ಬಾಗಿಲಲ್ಲಿರುತ್ತೇನೆ. "ನೀವು ಬಂದ್ರೇನೇ ಅದು ಸಿಡಿಯೋದು" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜೆ. ಇಂಥ ಮನೆಯಲ್ಲಿ ಇಂಥ ಮಗಳು! ಹನ್ನೊಂದನೆಯ ವಯಸ್ಸಿನಲ್ಲಿ ಕಾರ್ಖಾನೆಯ ಕ್ರೀಡಾದಿನಕ್ಕೆ ನನ್ನ ಹಳೆಯ ಡಬಲ್ ಬಾರ್ ಸೈಕಲ್ಲನ್ನು ಒಳಪೆಡಲಿನಲ್ಲಿ ಓಡಿಸಿ ಹುಡುಗರನ್ನೆಲ್ಲ ಹಿಂದೆ ಹಾಕಿದಳು. ಆಮೇಲೆ ಪೀಣ್ಯದ ಲಾರಿಗಳು ಕಣ್ಣು ಬಿಡುವ ಮೊದಲೇ ಹೆದ್ದಾರಿಯಲ್ಲಿ ಅಭ್ಯಾಸ. ಹಿಂದೆ ಸ್ಕೂಟರಿನಲ್ಲಿ ಹಾರ್ನ್ ಮಾಡುತ್ತಾ ನಾನು. ಆನೇಕಲ್ ಕಡೆಯ ಒಂದು ರೋಡ್ ರೇಸಿನಲ್ಲಿ ಬಿದ್ದು ಮೊಣಕೈ ಸೀಳಿಕೊಂಡರೂ, ಆ ರೇಸನ್ನು ಮುಗಿಸಿಯೇ ಆಸ್ಪತ್ರೆಗೆ ಬಂದು ಎಂಟು ಹೊಲಿಗೆ ಹಾಕಿಸಿಕೊಂಡಳು. ಬೈಯಬೇಕೆಂದು ಹೋದವನು ಅವಳ ಮುಖ ನೋಡಿ ಎಳನೀರು ಕುಡಿಸಿ ಬಂದೆ.

ರಸ್ತೆಯ ಸೈಕಲ್ಲಿಗಾದರೂ ಬ್ರೇಕಿತ್ತು. ಟ್ರ್ಯಾಕ್ ರೇಸಿನ ಸೈಕಲ್ ಮನೆಗೆ ಬಂದ ದಿನ ನಾನು ಅದನ್ನು ತಲೆಯಿಂದ ಬಾಲದವರೆಗೆ ತಪಾಸಣೆ ಮಾಡಿ, "ಬ್ರೇಕ್ ಎಲ್ಲಮ್ಮಾ?" ಎಂದೆ.

"ಅದಕ್ಕೆ ಬ್ರೇಕೇ ಇರಲ್ಲ ಅಪ್ಪ. ಪೆಡಲ್ ಮೇಲೆ ಕಾಲು ಬಿಗಿ ಹಿಡಿದು ನಿಧಾನ ಮಾಡ್ತೀವಿ."

ಅವತ್ತಿನಿಂದ ನನಗೆ ನಿದ್ದೆ ಹಾರಿಹೋಯಿತು. ಅವಳ ನಿದ್ದೆಗೆಡಿಸುವ ಚಿಂತೆ ಬೇರೆಯೇ ಇತ್ತು. ರಾಷ್ಟ್ರಮಟ್ಟದ ಪಂದ್ಯದಲ್ಲಿ ಎರಡು ವರ್ಷ ಸತತವಾಗಿ ನಾಲ್ಕನೆಯವಳಾಗಿದ್ದಳು. ಮೊದಲ ಮೂವರಿಗೆ ಮಾತ್ರ ದೇಶದ ತಂಡದ ತರಬೇತಿ ಶಿಬಿರ. "ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ಅಪ್ಪ" ಎಂದಿದ್ದಳು. ನಾನು ಅದನ್ನು ಕೇಳಿಯೂ ಬ್ರೇಕಿನ ವಿಷಯವನ್ನೇ ಯೋಚಿಸುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಪರ ಊರಿನ ಪಂದ್ಯಗಳಿಗೆ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬುವ ಹೊಣೆ ನನ್ನದು. ಈ ಸಲದ ರಾಷ್ಟ್ರಮಟ್ಟದ ಪಂದ್ಯಕ್ಕೆ ಹೊರಡುವಾಗ, ತುಂಬುವ ಮೊದಲು ಅದನ್ನು ಪೀಣ್ಯಕ್ಕೆ ಒಯ್ದೆ. ಅಲ್ಲಿ ನನ್ನ ಹಳೆಯ ಸಹೋದ್ಯೋಗಿ ರಾಜಣ್ಣನ ವರ್ಕ್‌ಶಾಪ್ ಇದೆ. "ಬಿಡಿ ಸಾರ್, ರಾಕೆಟ್ ತನ್ನಿ, ಅದಕ್ಕೂ ಬ್ರೇಕ್ ಹಾಕಣ" ಎಂದ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಸುತ್ತುಪಟ್ಟಿ ಮಾಡಿ ಒಂದು ಅಂದವಾದ ಬ್ರೇಕು ಕೂರಿಸಿದ. ಕಾರ್ಖಾನೆಯಲ್ಲಿ ಒಂದು ನಿಯಮವಿದೆ: ಸುರಕ್ಷತೆಯ ಸಾಧನವನ್ನು ಕೆಲಸಗಾರ ತಾನೇ ಬಿಚ್ಚುವಂತಿರಬಾರದು, ಬಿಚ್ಚಲಾದರೆ ಬಿಚ್ಚಿಯೇ ಬಿಚ್ಚುತ್ತಾನೆ. ಆದ್ದರಿಂದ ನಾನು ರಾಜಣ್ಣನಿಗೆ ಹೇಳಿ ಬೋಲ್ಟುಗಳ ತಲೆಯನ್ನು ಉಜ್ಜಿ ನುಣ್ಣಗೆ ಮಾಡಿಸಿದೆ. ಮಗಳಿಗೆ ಹೇಳಲಿಲ್ಲ. ಅಲ್ಲಿ ಹೋದ ಮೇಲೆ ನೋಡಿ ಖುಷಿಪಡಲಿ ಎಂದುಕೊಂಡೆ.

ರೈಲು ಎಂಟು ಗಂಟೆ ತಡವಾಯಿತು. ನಿಲ್ದಾಣದಿಂದ ನೇರವಾಗಿ ವೆಲೊಡ್ರೋಮಿಗೆ, ಅಂದರೆ ಬಾಣಲೆಯಂತೆ ಅಂಚೆತ್ತಿದ ಆ ಓಟದ ಅಂಗಳಕ್ಕೆ ಓಡಿದೆವು. ಪಂದ್ಯಕ್ಕೆ ನಲವತ್ತು ನಿಮಿಷವಿತ್ತು. ಪೆಟ್ಟಿಗೆ ತೆರೆದ ಚೈತ್ರ ಕಿರುಚಲಿಲ್ಲ. ಬರೀ "ಅಪ್ಪಾ" ಎಂದಳು. ತಪಾಸಣೆಯ ಅಧಿಕಾರಿ ಬಂದು ನೋಡಿ, ಬ್ರೇಕಿರುವ ಸೈಕಲ್ಲನ್ನು ಅಂಗಳಕ್ಕೆ ಇಳಿಸುವಂತಿಲ್ಲ ಎಂದರು. ನಾನು ನನ್ನ ಹುದ್ದೆ, ಅನುಭವ ಎಲ್ಲ ಹೇಳಿ ವಾದಕ್ಕೆ ನಿಂತೆ. ಆ ಮನುಷ್ಯ ಸಮಾಧಾನವಾಗಿ ವಿವರಿಸಿದರು: ಇಪ್ಪತ್ತು ಜನ ಗೇಣಿನಂತರದಲ್ಲಿ ಓಡುತ್ತಿರುವಾಗ ಒಬ್ಬಳು ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಅವಳ ಮೇಲೆ. ಇಲ್ಲಿ ಯಾರಿಗೂ ಬ್ರೇಕಿಲ್ಲದಿರುವುದೇ ಸುರಕ್ಷತೆ. ಮೂವತ್ತೆರಡು ವರ್ಷದಲ್ಲಿ ನನಗೆ ಯಾರೂ ಹೀಗೆ ಪಾಠ ಹೇಳಿರಲಿಲ್ಲ.

ಯಾವ ಸ್ಪ್ಯಾನರೂ ಆ ಬೋಲ್ಟಿಗೆ ಕಚ್ಚಲಿಲ್ಲ. ನನ್ನ ನಿಯಮ ಅಷ್ಟು ಪಕ್ಕಾ ಇತ್ತು. ಪಕ್ಕದ ತಂಡದವರಿಂದ ಹ್ಯಾಕ್ಸಾ ಬೇಡಿ ತಂದು ನೆಲದ ಮೇಲೆ ಕುಳಿತು ಪಟ್ಟಿಯನ್ನೇ ಕೊಯ್ಯತೊಡಗಿದೆ. ಫೋರ್ಕಿಗೆ ಗೀರು ಬಿದ್ದರೆ ಮಗಳ ಹದಿನಾಲ್ಕು ವರ್ಷ ನನ್ನ ಕೈಯಿಂದಲೇ ಮಣ್ಣುಪಾಲು. ಚೈತ್ರ ಎದುರು ಕುಳಿತು ಫೋರ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವಸರ ಬೇಡ ಅಪ್ಪ, ಇನ್ನೂ ಹನ್ನೆರಡು ನಿಮಿಷ ಇದೆ" ಎಂದಳು. ನಾನು ಅವಳನ್ನು ಕಾಯಬೇಕೆಂದು ಹೊರಟವನು; ಅವಳು ನನ್ನನ್ನು ಕಾಯುತ್ತಿದ್ದಳು. ಪಟ್ಟಿ ಟಣ್ ಎಂದು ಬಿತ್ತು.

ಕೊನೆಯ ಸುತ್ತಿನ ಗಂಟೆ ಹೊಡೆದಾಗ ಅವಳು ಆರನೆಯವಳು. ಆಮೇಲೆ ಬಾಣಲೆಯ ಮೇಲಂಚಿಗೇರಿ, ಅಲ್ಲಿಂದ ಇಳಿದಳು ನೋಡಿ! ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ. ಎರಡನೆಯ ಸ್ಥಾನ. ನಾನು ಗಳಗಳನೆ ಅತ್ತೆ. ಪಕ್ಕದ ತಂಡದವರು ತಮ್ಮ ಹ್ಯಾಕ್ಸಾ ವಾಪಸು ಕೇಳಲು ಸಂಕೋಚಪಟ್ಟು ನಿಂತಿದ್ದರು.

ಈಗ ಚೈತ್ರ ಶಿಬಿರದಲ್ಲಿದ್ದಾಳೆ. ನಮ್ಮ ಷೋಕೇಸಿನಲ್ಲಿ ಅವಳ ಬೆಳ್ಳಿ ಪದಕವಿದೆ. ಪಕ್ಕದಲ್ಲಿ ಕೊಯ್ದ ಪಟ್ಟಿಯನ್ನೂ ಗಿರಿಜೆ ಬೇಕೆಂದೇ ಇಟ್ಟಿದ್ದಾಳೆ. ಬಂದವರು ಅದೇನೆಂದು ಕೇಳುತ್ತಾರೆ. "ಅದು ಅವಳು ಗೆದ್ದಿದ್ದು, ಇದು ಇವ್ರು ಮಾಡಿದ್ದು" ಎಂದು ಒಳಗೆ ಕಾಫಿ ಮಾಡಲು ಹೋಗಿಬಿಡುತ್ತಾಳೆ. ಉಳಿದದ್ದನ್ನು ನಾನು ಯಾರಿಗೂ ಬಿಡಿಸಿ ಹೇಳುವುದಿಲ್ಲ. ಪಟ್ಟಿಯನ್ನು ಕೈಗೆ ಕೊಟ್ಟು ಕೊಯ್ದ ಜಾಗ ತೋರಿಸುತ್ತೇನೆ, ಅಷ್ಟೇ. ಆ ಗಡಿಬಿಡಿಯಲ್ಲೂ ಗೆರೆ ಎಷ್ಟು ನೇರವಾಗಿ ಬಂದಿದೆ ನೋಡಿ.