ಕೊಕ್ಕೆ ಹಾಕುವವಳು ಮತ್ತು ನನ್ನ ಸಹಿ

ನಮ್ಮ ಮನೆತನ ಕಾಪುವಿನಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಿಂದ ಬಾಳಿದ್ದು. ಅಜ್ಜ ಹೆಡ್‌ಮಾಸ್ಟರ್. ಅವರು ರಸ್ತೆಯಲ್ಲಿ ಎದುರಾದರೆ ಸೈಕಲ್ಲಿನವರು ಇಳಿದು ನಡೆಯುತ್ತಿದ್ದರು. ತಂದೆ ಕಾರ್ಕಳದಲ್ಲಿ ವಕೀಲರು. ಕೋರ್ಟಿನಲ್ಲೂ ಸ್ವರ ಏರಿಸಿದವರಲ್ಲ. ಕೆಲವು ಕೇಸು ಸೋತದ್ದು ಅದಕ್ಕೇ ಎಂದು ತಾಯಿ ಹೇಳುತ್ತಿದ್ದರು. ನಾನು ಉಡುಪಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಮೆಟ್ಟಿಲು ಇಳಿಯುವುದಕ್ಕೂ ಒಂದು ಕ್ರಮವಿತ್ತು. ಮೂವತ್ತು ವರ್ಷದಿಂದ ಮಣಿಪಾಲದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದೇನೆ. ಇಂಥವಳ ಸುತ್ತ ಜನ ನಗುವಂಥದ್ದು ನಡೆಯಬಾರದು. ಆದರೂ ನಡೆಯುತ್ತಲೇ ಇರುತ್ತದೆ. ನಾನು ನೆಟ್ಟಗೆ ನಿಂತಷ್ಟೂ ಹೆಚ್ಚು ನಡೆಯುತ್ತದೆ.

ಈ ವರ್ಷದ್ದೆಲ್ಲ ರಗ್ಬಿಯಿಂದ ಬಂದದ್ದು.

ಫಾರಂ

ನಮ್ಮ ಹಾಸ್ಟೆಲಿನಲ್ಲಿ ಮಲ್ಪೆಯ ಒಬ್ಬಳು ಹುಡುಗಿ ಇದ್ದಾಳೆ. ತಾಯಿ ಮೀನು ಮಾರುವವರು. ಹುಡುಗಿ ಭಾರತದ ಮಹಿಳಾ ರಗ್ಬಿ ತಂಡಕ್ಕೆ ಆಯ್ಕೆಯಾಗಿ ರಜೆಯ ಫಾರಂ ತಂದಳು. ‘ತಂಡದಲ್ಲಿ ಸ್ಥಾನ’ ಎಂಬಲ್ಲಿ ‘ಹುಕರ್’ ಎಂದು ಬರೆದಿತ್ತು.

ಆ ಇಂಗ್ಲಿಷ್ ಶಬ್ದಕ್ಕೆ ಬೀದಿಯಲ್ಲಿ ಇನ್ನೊಂದು ಅರ್ಥ ಉಂಟು, ರಾತ್ರಿ ಗಿರಾಕಿಗಾಗಿ ನಿಲ್ಲುವ ಹೆಂಗಸು ಎಂದು. ಕಾನ್ವೆಂಟಿನಲ್ಲಿ ಅದನ್ನು ಕಲಿಸಲಿಲ್ಲ. ಆದರೆ ನನಗೆ ಗೊತ್ತುಂಟು. ನಾನು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿ ಓದಿದೆ. ಶಬ್ದ ಅಲ್ಲಿಯೇ ಇತ್ತು.

“ಇದು ಎಂತ?” ಎಂದು ಕೇಳಿದೆ.

“ಎರಡೂ ತಂಡದ ಎಂಟೆಂಟು ಜನ ತಲೆ ಕೊಟ್ಟು ದೂಡುತ್ತೇವೆ ಮೇಡಂ, ಅದು ಸ್ಕ್ರಮ್. ನಾನು ಮುಂದಿನ ಸಾಲಿನ ಮಧ್ಯ. ಬಾಲಿಗೆ ಕಾಲಲ್ಲಿ ಕೊಕ್ಕೆ ಹಾಕಿ ಹಿಂದೆ ಎಳೆಯುವವಳು ಹುಕರ್.”

“ಹಾಗಾದರೆ ಹಾಗೆಯೇ ಕನ್ನಡದಲ್ಲಿ ಬರಿ. ಈ ಶಬ್ದ ನನ್ನ ಮೇಜಿನಿಂದ ಮುಂದೆ ಹೋಗಬಾರದು.”

ಅವಳು ‘ಕೊಕ್ಕೆ ಹಾಕುವವಳು’ ಎಂದು ತಿದ್ದಿದಳು. ಕೆಳಗೆ ನಾನು ನನ್ನ ಹೆಸರು ಬರೆದು ಸಹಿ ಹಾಕಿದೆ. ಫಾರಂ ಹಾಸ್ಟೆಲ್ ಸಮಿತಿಗೆ ಹೋಯಿತು. ಒಂದು ವಾರವಾದರೂ ಬರಲಿಲ್ಲ. ತಂಡ ಹೊರಡುವ ದಿನ ಹತ್ತಿರ ಬಂತು. ಹುಡುಗಿ ಊಟ ಬಿಟ್ಟಳು. ನಾನೇ ಸಮಿತಿಯ ಅಧ್ಯಕ್ಷರ ಮನೆಗೆ ಹೋದೆ.

“ನೀವೇ ತಡೆದು ನನ್ನನ್ನು ಕೇಳುವುದಾ?” ಎಂದರು ಅವರು. “ಕೊಕ್ಕೆ ಹಾಕುವವಳು ಅಂತ ಬರೆದು ಕೆಳಗೆ ಸಹಿ ಹಾಕಿದ್ದೀರಲ್ಲ! ಮೇಟ್ರನ್‌ರ ಆಕ್ಷೇಪಣೆ ಉಂಟು ಅಂತ ನಾನು ಬದಿಗೆ ಇಟ್ಟಿದ್ದೇನೆ.”

ಒಂದು ಗಂಟೆ ವಿವರಿಸಿದ ಮೇಲೆ ಒಪ್ಪಿದರು, ಎರಡು ಷರತ್ತಿನೊಂದಿಗೆ. ಹುಡುಗಿ ಮೂಳೆ ಮುರಿದುಕೊಂಡು ಬರಬಾರದು. ತಂಡ ನಾಚಿಕೆಗೇಡಿನ ಹಾಗೆ ಸೋಲಬಾರದು. ಎರಡರಲ್ಲಿ ಒಂದಾದರೂ ಆಟಕ್ಕೆ ಇದೇ ಕೊನೆಯ ರಜೆ.

“ಜವಾಬ್ದಾರಿ ಯಾರದ್ದು?” ಎಂದು ಕೇಳಿದರು.

“ನನ್ನದು” ಎಂದೆ. ಸಹಿ ಹಾಕುವಾಗ ಪೆನ್ನು ಬರೆಯಲಿಲ್ಲ. ಅವರೇ ಬೇರೆ ಪೆನ್ನು ಕೊಟ್ಟರು. ಅಷ್ಟು ಉಪಕಾರ ಅವರು ಅದಕ್ಕೆ ಮೊದಲು ಯಾರಿಗೂ ಮಾಡಿದ್ದಿಲ್ಲ.

ತಾಯಿ

ಹುಡುಗಿ ಹೊರಟ ಮರುದಿನ ಅವಳ ತಾಯಿ ಮಲ್ಪೆಯಿಂದ ಬಂದರು. ನನಗೆಂದು ಬಂಗುಡೆ ಮೀನು ತಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು: “ಮೇಡಂ, ಅದರಲ್ಲಿ ಬಾಲನ್ನು ಕೈಯಿಂದ ಹಿಂದೆಯೇ ಬಿಸಾಡಬೇಕಂತೆ. ಹಿಂದೆ ಹಿಂದೆ ಬಿಸಾಡಿದರೆ ಮುಂದೆ ಹೋಗುವುದು ಹೇಗೆ?”

ನಾನು ನಿಯಮಗಳನ್ನು ಓದಿಕೊಂಡಿದ್ದೆ. ಮೇಜಿನ ಮೇಲೆ ಚಮಚಗಳನ್ನು ಸಾಲಾಗಿ ಇಟ್ಟು, ಒಬ್ಬಳು ಹಿಂದಿನವಳಿಗೆ ಹೇಗೆ ಕೊಡುತ್ತಾಳೆ, ಅವಳು ತನ್ನ ಹಿಂದಿನವಳಿಗೆ ಹೇಗೆ ದಾಟಿಸುತ್ತಾಳೆ ಎಂದು ತೋರಿಸಿದೆ.

ಅವರು ಗಮನವಿಟ್ಟು ನೋಡಿದರು. “ಗೊತ್ತಾಯಿತು. ರೇಷನ್ ಕಾರ್ಡ್ ತಿದ್ದುಪಡಿಗೆ ಕೊಟ್ಟ ಹಾಗೆ.”

ಆಮೇಲೆ ಸ್ವರ ಸಣ್ಣದಾಯಿತು. “ಅವಳ ಎರಡು ಕೈಯೂ ಆಚೆ ಈಚೆ ಇರುವವರ ಹೆಗಲ ಮೇಲಂತೆ. ಬಿದ್ದರೆ ನೆಲಕ್ಕೆ ಕೈ ಕೊಡಲಿಕ್ಕೂ ಆಗುವುದಿಲ್ಲ ಅಲ್ವಾ ಮೇಡಂ?”

ನಾನು ಚಮಚಗಳನ್ನು ಒಟ್ಟು ಮಾಡತೊಡಗಿದೆ. ಅವರೇ ಸಮಾಧಾನ ಮಾಡಿಕೊಂಡರು: “ಆದರೂ ನೀವು ಸಹಿ ಹಾಕಿದ್ದೀರಂತೆ. ಇನ್ನು ನನಗೆ ಹೆದರಿಕೆ ಇಲ್ಲ.”

ಅವರು ಹಗುರವಾಗಿ ಬಸ್ಸು ಹತ್ತಿದರು. ಹೆದರಿಕೆಯನ್ನು ಬಂಗುಡೆಯ ಜೊತೆಗೇ ಬಿಟ್ಟುಹೋಗಿದ್ದರು. ಬಂಗುಡೆ ಅವತ್ತೇ ಮುಗಿಯಿತು.

ದೂಡಿ

ಪಂದ್ಯದ ಮಧ್ಯಾಹ್ನ ಊಟದ ಹಾಲಿನಲ್ಲಿ ಟಿವಿ ಇಡಿಸಿದೆ. ಎದುರಾಳಿ ದೇಶದ ಹೆಸರು ಹೇಳುವುದಿಲ್ಲ. ಅವರ ಮೇಲೆ ನನಗೆ ದ್ವೇಷವಿಲ್ಲ. ಅಲ್ಲಿ ಮಕ್ಕಳು ನಡೆಯಲು ಕಲಿಯುವಾಗಲೇ ರಗ್ಬಿ ಆಡುತ್ತಾರಂತೆ. ನಮ್ಮವರು ಎಂಬತ್ತು ಪಾಯಿಂಟಿನಿಂದ ಸೋಲುತ್ತಾರೆ ಎಂದು ಟಿವಿಯವರೇ ನಗುತ್ತಾ ಹೇಳಿದರು. ನನಗೆ ಎರಡನೆಯ ಷರತ್ತು ನೆನಪಾಗಿ ಟಿವಿಯ ಸ್ವರ ಸಣ್ಣದು ಮಾಡಿದೆ.

“ಹಾಲಿನಲ್ಲಿ ಯಾರೂ ಕೂಗಬಾರದು” ಎಂದು ಮೊದಲೇ ಎಚ್ಚರಿಸಿದೆ.

ಅರ್ಧ ಆಟಕ್ಕೆ ಅವರು ಹನ್ನೆರಡು, ನಮ್ಮವರು ಹತ್ತು. ಟಿವಿಯವರು ನಗುವುದನ್ನು ನಿಲ್ಲಿಸಿದ್ದರು. ಗೆರೆಯಾಚೆ ಬಾಲನ್ನು ನೆಲಕ್ಕೆ ಒತ್ತಿದರೆ ಐದು ಪಾಯಿಂಟ್, ಅದಕ್ಕೆ ‘ಟ್ರೈ’ ಎನ್ನುತ್ತಾರೆ ಎಂದು ಅಡುಗೆಯವಳಿಗೆ ಹೇಳಿಕೊಟ್ಟೆ. ಅವಳು ಕಾರ್ಕಳದವಳು, ಬಾಯಿ ಜೋರು.

“ಆದ ಮೇಲೂ ಟ್ರೈ ಅಂತಲೇ ಹೇಳುವುದಾ? ಪಾಪ, ಎಷ್ಟು ವಿನಯ!” ಎಂದಳು.

ಅವರು ಹತ್ತೊಂಬತ್ತಕ್ಕೆ ಏರಿದರು. ಆಗ ಅವರ ಗೆರೆಯಿಂದ ಐದೇ ಮೀಟರಿನಲ್ಲಿ ನಮಗೆ ಸ್ಕ್ರಮ್ ಸಿಕ್ಕಿತು. ನಮ್ಮ ಹುಡುಗಿ ಮಧ್ಯದಲ್ಲಿ, ಎರಡು ಕೈಯೂ ಪರರ ಹೆಗಲ ಮೇಲೆ. ಕೊಕ್ಕೆ ಬಿತ್ತು, ಬಾಲು ಹಿಂದೆ ಬಂತು. ಎಂಟು ಜನ ಎಂಟು ಜನರನ್ನು ದೂಡತೊಡಗಿದರು. ಅಂಗುಲ ಅಂಗುಲವಾಗಿ ಆ ದೊಡ್ಡ ತಂಡ ಹಿಂದೆ ಸರಿಯಿತು.

“ದೂಡಿ! ದೂಡಿ ಮಕ್ಕಳೇ! ದೂಡಿ!”

ಹಾಲಿನಲ್ಲಿ ಯಾರೋ ಕೂಗುತ್ತಿದ್ದರು. ಯಾರೆಂದು ಗದರಿಸಲು ತಿರುಗಿದೆ. ಹುಡುಗಿಯರೆಲ್ಲ ಬಾಯಿ ಮುಚ್ಚಿ ನನ್ನನ್ನೇ ನೋಡುತ್ತಿದ್ದರು.

ಟ್ರೈ ಆಯಿತು, ಆಮೇಲೆ ಬಾಲನ್ನು ಕಂಬಗಳ ನಡುವೆ ಒದ್ದದ್ದಕ್ಕೆ ಮೇಲಿನ ಎರಡು ಪಾಯಿಂಟೂ ಬಂತು. ಹತ್ತೊಂಬತ್ತು–ಹದಿನೇಳು. ಮೂಲೆಯಿಂದ ಅಡುಗೆಯವಳ ಸ್ವರ ಕೇಳಿತು: “ಮೇಡಂ, ಟ್ರೈ ಆಯಿತಲ್ಲ, ಇನ್ನು ಮೇಜು ಹಿಂದೆ ತೆಗೆಯಿರಿ. ನಾನು ಗೋಡೆಗೆ ಅಂಟಿದ್ದೇನೆ.”

ಸಾಂಬಾರಿನ ಪಾತ್ರೆ ಇದ್ದ ಮೇಜನ್ನು ನಾನು ನಾಲ್ಕು ಅಡಿ ದೂಡಿದ್ದೆ. ಒಂದು ಹನಿಯೂ ಚೆಲ್ಲಿರಲಿಲ್ಲ ಎಂಬುದನ್ನು ದಾಖಲಿಸಬೇಕು.

ಹಲ್ಲು

ಕೊನೆಯ ನಿಮಿಷದಲ್ಲಿ ನಮ್ಮ ಹುಡುಗಿ ಇಬ್ಬರ ಕೆಳಗೆ ಬಿದ್ದಳು. ಏಳಲಿಲ್ಲ. ವೈದ್ಯರು ಓಡಿದರು. ನಾನು ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ಶುರು ಮಾಡಿ, ಅರ್ಧಕ್ಕೆ ಕಾಪುವಿನ ಮಾರಿಯಮ್ಮನಿಗೆ ಬಂದೆ. ಹುಡುಗಿ ಎದ್ದು, ಬಾಯಿಗೆ ಬಟ್ಟೆ ಒತ್ತಿಕೊಂಡು ನಡೆದಳು. ಎರಡೇ ಪಾಯಿಂಟಿನಿಂದ ಸೋತೆವು. ಎದುರಾಳಿಗಳೇ ಸಾಲಾಗಿ ನಿಂತು ನಮ್ಮವರಿಗೆ ಚಪ್ಪಾಳೆ ತಟ್ಟಿದರು. ಎರಡನೆಯ ಷರತ್ತು ಪಾರಾಯಿತು.

ಸಂಜೆ ಅವಳ ಫೋನ್ ಬಂತು. ಸ್ವರದಲ್ಲಿ ಗಾಳಿ ಹೋಗುತ್ತಿತ್ತು. “ಮೇಡಂ, ಮೂಳೆ ಎಂತದೂ ಆಗಲಿಲ್ಲ. ಮುಂದಿನ ಒಂದು ಹಲ್ಲು ಹೋಯಿತು. ಹಲ್ಲು ಮೂಳೆಯಾ?”

ನಮ್ಮ ಮೊದಲ ಮಹಡಿಯ ತುಂಬ ದಂತವೈದ್ಯಕೀಯ ಓದುವ ಹುಡುಗಿಯರು. ಮಣಿಪಾಲದಲ್ಲಿ ಇರುವುದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ? ಬಾಗಿಲು ಬಾಗಿಲು ತಟ್ಟಿ ಕೇಳಿದೆ. ಹಲ್ಲು ಮೂಳೆಯಲ್ಲ ಎಂದರು. “ಬರೆದು ಕೊಡಿ” ಎಂದೆ. ಹನ್ನೊಂದು ಸಹಿಗಳ ಆ ಕಾಗದವನ್ನು ಮರುದಿನ ಅಧ್ಯಕ್ಷರ ಕೈಗೇ ಕೊಟ್ಟೆ.

ಅವರು ಎರಡು ಸಲ ಓದಿ, ನಾಲಿಗೆಯಿಂದ ತಮ್ಮ ಕಟ್ಟಿಸಿದ ಹಲ್ಲನ್ನು ಮುಟ್ಟಿ ನೋಡಿಕೊಂಡರು.

ಸನ್ಮಾನ

ಹುಡುಗಿ ಬಂದ ವಾರದಲ್ಲೇ ಹಾಸ್ಟೆಲಿನಲ್ಲಿ ಸನ್ಮಾನ ಇಟ್ಟರು. ಮುಂದಿನ ಸಾಲಿನಲ್ಲಿ ಹುಡುಗಿಯ ತಾಯಿ, ಕಾಪುವಿನಿಂದ ಬಂದ ನನ್ನ ತಮ್ಮ, ಕಾರ್ಕಳದ ಚಿಕ್ಕಮ್ಮ, ಮತ್ತು ನಾನೇ ಹೋಗಿ ಕರೆದು ತಂದ, ಕಾನ್ವೆಂಟಿನಲ್ಲಿ ನನಗೆ ಕಲಿಸಿದ ವೃದ್ಧ ಸಿಸ್ಟರ್ ಒಬ್ಬರು.

ಅಧ್ಯಕ್ಷರು ಮೈಕಿನ ಮುಂದೆ ನಿಂತು, ಇನ್ನು ಹುಡುಗಿ ತಂಡಕ್ಕಾಗಿ ಎಲ್ಲಿಗೆ ಹೋದರೂ ರಜೆಗೆ ತಡೆಯಿಲ್ಲ ಎಂದು ಘೋಷಿಸಿದರು. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಕನ್ನಡಕ ತೆಗೆದೆ. ಅಲ್ಲಿಗೇ ಅವರು ಕುಳಿತಿದ್ದರೆ ಚೆನ್ನಾಗಿತ್ತು.

“ಕೊಕ್ಕೆ ಹಾಕುವವರಿಗೆ ಇಂಗ್ಲಿಷಿನಲ್ಲಿ ಹುಕರ್ ಎನ್ನುತ್ತಾರೆಂದು ನಾನು ಈಗ ಕಲಿತೆ” ಎಂದರು. “ಹಾಗೆ ನೋಡಿದರೆ ನಮ್ಮ ಹಾಸ್ಟೆಲಿನಲ್ಲಿ ಇಬ್ಬರು ಹುಕರ್‌ಗಳು. ಒಬ್ಬಳು ಈ ಹುಡುಗಿ. ಇನ್ನೊಬ್ಬರು, ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ನಮ್ಮ ಮೇಟ್ರನ್!”

ಹುಡುಗಿಯರು ಬೆಂಚು ಬಡಿದರು. ತಮ್ಮ ತನ್ನ ಚಪ್ಪಲಿಯನ್ನೇ ನೋಡತೊಡಗಿದ. ಕಿವಿ ಮಂದವಾದ ಚಿಕ್ಕಮ್ಮ, “ಎಂತ ಹೇಳಿದರು? ಎಂತ ಕೆಲಸವಂತೆ?” ಎಂದು ಹಾಲಿಗೆಲ್ಲ ಕೇಳುವ ಹಾಗೆ ಕೇಳಿದರು. ಸಿಸ್ಟರ್ ನನ್ನ ಕೈ ಹಿಡಿದು, ತುಂಬ ಮೆಲ್ಲಗೆ, “ಮೂವತ್ತು ವರ್ಷವಾ ಮಗಳೇ? ನಮ್ಮಲ್ಲಿ ಒಂದು ಮಾತು ಹೇಳಬಾರದಿತ್ತಾ?” ಎಂದರು.

ಅಧ್ಯಕ್ಷರಿಗೆ ಆ ಶಬ್ದದ ಇನ್ನೊಂದು ಅರ್ಥ ಗೊತ್ತಿರಲಿಲ್ಲವಂತೆ. ಈಗ ಗೊತ್ತಾಗಿದೆ. ಮುಂದಿನ ಸಭೆಯಲ್ಲಿ, ಅದೇ ಹಾಲಿನಲ್ಲಿ, ಅದೇ ಮೈಕಿನಲ್ಲಿ, ಸಿಸ್ಟರ್ ಕೂಡ ಕುಳಿತಿರುವಾಗ, ಅವರು ನಿಂತು ನನ್ನ ಕ್ಷಮೆ ಕೇಳಬೇಕು.