ಗೋಧಿ ಒಗ್ಗದ ಗಂಡು

ಹೊಟ್ಟೆಯ ಕಾಯಿಲೆ ಹೊಟ್ಟೆಯಲ್ಲೇ ಇರುತ್ತದೆ ಅಂದುಕೊಂಡಿದ್ದೆ. ನನ್ನದು ಹೆಣ್ಣು ನೋಡಲು ಹೋದ ಕಡೆಯೆಲ್ಲ ಹಿಂದೆಯೇ ಬಂದು ಮಾನ ಕಳೆಯುತ್ತಿತ್ತು. ಆಗ ಪಿರಿಯಾಪಟ್ಟಣದ ಹತ್ತಿರ ಮೇಷ್ಟ್ರಾಗಿದ್ದೆ. ಮೈಸೂರಿನ ಡಾಕ್ಟರು 'ಸೀಲಿಯಾಕ್' ಅಂತ ಬರೆದು, "ಗೋಧಿಯ ಚೂರೂ ಒಳಗೆ ಹೋಗಬಾರದು, ಜೀವನಪೂರ್ತಿ" ಅಂದರು. ಅಮ್ಮ ನನಗೆ ಹೆಣ್ಣು ಹುಡುಕಲು ಹೊರಟದ್ದೂ ಆಗಲೇ.

ಬಿಳಿಕೆರೆಯ ಉಪ್ಪಿಟ್ಟು

ಮೊದಲ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು.

"ನಂಗೆ ಗೋಧಿ ಆಗಲ್ಲ" ಅಂದೆ.

"ಗೋಧಿ ಎಲ್ಲೈತೆ? ಇದು ರವೆ ಕಣ್ರೀ" ಅಂದರು ಹುಡುಗಿಯ ಅಪ್ಪ.

ರವೆ ಯಾವುದರಿಂದ ಆಗುತ್ತದೆಂದು ವಿವರಿಸಿದೆ. ಪಾಪ, ಒಳಗೆ ಹೋಗಿ ಬಿಸಿ ಮುದ್ದೆ, ಬಸ್ಸಾರು ಮಾಡಿಸಿದರು. ಹಸಿದಿದ್ದೆ, ಎರಡು ಮುದ್ದೆ ಇಳಿಸಿದೆ. ಮಾರನೇ ದಿನ ಮದುವೆ ದಲ್ಲಾಳಿ ಸುದ್ದಿ ತಂದ: "ಹೆಣ್ಣು ನೋಡಕ್ ಬಂದೋನು ಮುದ್ದೆ ನೋಡ್ಕೊಂಡು ಹೋದ ಅಂತವ್ರೆ."

ಕೆ.ಆರ್.ನಗರದ ಸೋದರಮಾವ

ಇಲ್ಲಿ ಹುಡುಗಿಯ ಸೋದರಮಾವ ನನ್ನನ್ನು ಜಗಲಿಯ ಮೂಲೆಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ಮೇಷ್ಟ್ರೇ, ತಪ್ಪು ತಿಳ್ಕಬೇಡಿ. ಈ ಕಾಯ್ಲೇಲಿ ಮಕ್ಳಾಯ್ತವಾ?"

"ಯಜಮಾನ್ರೇ, ಮಕ್ಕಳನ್ನ ಗೋಧೀಲಿ ಮಾಡಲ್ಲ" ಅಂದೆ.

ಆ ಸಂಬಂಧ ಅಲ್ಲಿಗೇ ಮುಗಿಯಿತು.

ಎಚ್.ಡಿ.ಕೋಟೆಯ ನಲ್ಲಿ

ಕೋಟೆಯ ಹುಡುಗಿ ಮಾತ್ರ ನೇರವಾಗಿ ಕೇಳಿದಳು: "ಚಪಾತಿ ಯಾವತ್ತೂ ಕೇಳಲ್ವಾ?"

"ಇಲ್ಲ."

"ಪೂರಿ?"

"ಇಲ್ಲ."

"ಅಪ್ಪಾ, ನಂಗೆ ಒಪ್ಪಿಗೆ" ಅಂತ ಅಲ್ಲೇ ಕೂಗಿದಳು. ನನಗೆ ಕಣ್ಣು ತುಂಬಿ ಬಂತು.

ಮದುವೆಯಾದ ಹೊಸದರಲ್ಲಿ ಅವಳ ತವರಿಗೆ ಹೋದೆವು. ಅವಳಿಗೆ ಟೀ ಜೊತೆ ಬಿಸ್ಕತ್ತು ಬೇಕೇ ಬೇಕು. ಆ ಬಾಯಲ್ಲಿ ಮುತ್ತು ಕೊಟ್ಟರೆ ನನಗೆ ಎರಡು ದಿನ ಹೊಟ್ಟೆನೋವು. ಹಾಗಾಗಿ ನಾನು ಕಣ್ಸನ್ನೆ ಮಾಡಿದಾಗಲೆಲ್ಲ ಅವಳು ಹಿತ್ತಲ ನಲ್ಲಿಗೆ ಓಡಿ, ಗಳಗಳ ಬಾಯಿ ಮುಕ್ಕಳಿಸಿ, ಕೋಣೆಗೆ ಬರುತ್ತಿದ್ದಳು.

ಎರಡೇ ದಿನ. ಮೂರನೇ ದಿನ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಮಾವಿನಕಾಯಿ, ಹುಣಸೆಹಣ್ಣು ಹಿಡಿದು ಬಂದರು. ಅವಳ ಅಜ್ಜಿ, ಮೊಮ್ಮಗಳು ಬಸುರಿ, ವಾಂತಿ ನಿಲ್ತಾನೇ ಇಲ್ಲ ಅಂತ ಊರಿಗೆಲ್ಲ ಸಾರಿಬಿಟ್ಟಿದ್ದರು. ಮದುವೆಯಾಗಿ ಹದಿನೈದು ದಿನ! ಹೆಂಗಸರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು.

ಮಾನ ಉಳಿಸಿಕೊಳ್ಳಲು ನನ್ನ ಹೆಂಡತಿ ಅಜ್ಜಿಯ ಕಿವಿಯಲ್ಲಿ ನಿಜ ಹೇಳಿದಳು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅಂಗಳದ ಹೆಂಗಸರಿಗೆಲ್ಲ ಕೇಳಿತು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು: "ನಮ್ ಕಾಲ್ದಲ್ಲಿ ಎಲೆಅಡಿಕೆ ಆಕ್ಕೊಂಡು ಒಳಕ್ಕೆ ಓಯ್ತಿದ್ವಿ. ಇವ್ನೇನವ್ವಾ, ಬಾಯಿ ತೊಳ್ಸಿ ಒಳಕ್ಕೆ ಬುಟ್ಕೊತಾನೆ!"